ರೈಲಿಲ್ಲದ ಊರಿಗೆ ಒಂದು ಬೋಗಿ

ದೊಡ್ಡಗದ್ದವಳ್ಳಿಗೆ ರೈಲು ಇಲ್ಲ. ಹಿಂದೆಯೂ ಇರಲಿಲ್ಲ. ಹಾಸನದಲ್ಲಿ ಇಳಿದು, ಬೇಲೂರು ರಸ್ತೆಯಲ್ಲಿ ಸುಮಾರು 20 ಕಿಲೋಮೀಟರ್ ಹೋಗಿ, ಮುಖ್ಯರಸ್ತೆ ಬಿಟ್ಟು ಒಳಗೆ ಹೊರಳಬೇಕು. ಬೇಲೂರು, ಹಳೇಬೀಡು ನೋಡುವ ಆತುರದಲ್ಲಿರುವ ಪ್ರವಾಸಿಗಳ ಕಾರುಗಳು ಈ ತಿರುವನ್ನು ಗಮನಿಸದೆ ದಾಟಿಹೋಗುತ್ತವೆ. ಹೋಗಲಿ ಬಿಡಿ. ನುಗ್ಗಾಟವಿಲ್ಲದೆ ಒಂದು ಹೊಯ್ಸಳ ಗುಡಿಯನ್ನು ಕೂತು ನೋಡಬೇಕೆನ್ನುವವರಿಗೆ ಅದರಿಂದ ಲಾಭವೇ.

ಊರಿನ ಕೆರೆಯ ಪಕ್ಕದಲ್ಲಿ ಲಕ್ಷ್ಮೀದೇವಿ ದೇವಸ್ಥಾನವಿದೆ. ಕ್ರಿ.ಶ. 1113ರ ಹೊತ್ತಿನದು. ಬೇಲೂರಿನ ಚೆನ್ನಕೇಶವ ಗುಡಿಗಿಂತ ಇದು ತುಸು ಹಿರಿಯದು. ವಿಷ್ಣುವರ್ಧನನ ಕಾಲದಲ್ಲಿ ಇದನ್ನು ಕಟ್ಟಿಸಿದವರು ರಾಜನಲ್ಲ, ರಾಣಿಯಲ್ಲ. ಕುಲ್ಲಹಣ ರಾಹುತ ಎಂಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಗಂಡ ಹೆಂಡತಿ ಜಂಟಿ ಖಾತೆಯಲ್ಲಿ ಮಾಡಿಸಿದ ಕೆಲಸ ಎಂದು ನಾನು ಹೇಳುವುದುಂಟು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಮೂವತ್ತೈದು ವರ್ಷ ಕಳೆದವನ ಬಾಯಲ್ಲಿ ಇನ್ನೇನು ಬಂದೀತು?

ಈ ಊರಿನಲ್ಲಿ ನಮ್ಮ ಅಣ್ಣ ಇದ್ದಾರೆ. ನನಗೀಗ 74, ಅವರಿಗೆ 83. ನಾನು ಬಿ.ಕಾಂ. ಮುಗಿಸಿ ಬ್ಯಾಂಕಿಗೆ ಸೇರಿದೆ; ಅವರು ಅದಕ್ಕೆ ಎಷ್ಟೋ ಮೊದಲೇ ರೈಲ್ವೆಗೆ ಸೇರಿ ಅರಸೀಕೆರೆ ಜಂಕ್ಷನ್ನಿನಲ್ಲಿ ಬೋಗಿಗಳನ್ನು ಪರೀಕ್ಷೆ ಮಾಡುವ ಫಿಟ್ಟರ್ ಆಗಿದ್ದರು. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆ ಹಿಡಿದು, ಒಂದೊಂದೇ ಗಾಲಿಗೆ ಹೊಡೆಯುತ್ತಾ ಹೋಗುವುದು ಅವರ ಕೆಲಸ. ಗಾಲಿ ಗಟ್ಟಿಯಾಗಿದ್ದರೆ ಗಂಟೆಯಂತೆ ಠಣ್ ಎನ್ನುತ್ತದೆ. ಬಿರುಕು ಬಿಟ್ಟಿದ್ದರೆ ಒಡಕು ಮಡಕೆಯ ಹಾಗೆ ಠಕ್ ಎನ್ನುತ್ತದೆ. ಅಚ್ಚಿನ ತುದಿಯ ಪೆಟ್ಟಿಗೆ ಬಿಸಿಯಾಗಿದೆಯೇ ಎಂದು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದರು. ಕಿವಿ ಮತ್ತು ಕೈ, ಇವೆರಡೇ ಅವರ ಉಪಕರಣ.

ಈಗ ಅವರಿಗೆ ಉಳಿದಿರುವುದೂ ಅವೆರಡೇ. ಗ್ಲಾಕೋಮಾದಿಂದ ನಾಲ್ಕು ವರ್ಷದ ಹಿಂದೆ ಎರಡೂ ಕಣ್ಣಿನ ದೃಷ್ಟಿ ಹೋಯಿತು.

ಕಳೆದ ವರ್ಷ ನನ್ನ ಮೊಮ್ಮಗಳು, ಏಳನೇ ಕ್ಲಾಸಿನವಳು, ರಜೆಯಲ್ಲಿ ಅವರ ಪಕ್ಕ ಕೂತು ಕಥೆ ಕೇಳುತ್ತಿದ್ದಳು. ಮಾತು ಮೀಟರ್ ಗೇಜಿಗೆ ಬಂತು. "ದೊಡ್ಡತಾತ, ಮೀಟರ್ ಅಂದ್ರೆ ಕರೆಂಟ್ ಮೀಟರಾ?" ಎಂದಳು. ಅಣ್ಣ ನಕ್ಕರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆ ಬೋಗಿ ಒಂದಾದರೂ ಇದ್ದಿದ್ದರೆ ಇವಳ ಕೈ ಹಿಡಿದು ತೋರಿಸ್ತಿದ್ದೆ ಕಣೋ. ನಾನಂತೂ ಇನ್ನು ನೋಡೋ ಹಾಗಿಲ್ಲ, ಮುಟ್ಟಾದರೂ ನೋಡ್ತಿದ್ದೆ," ಎಂದರು.

ಮಕ್ಕಳೇ, ಮೊದಲು ಈ ಗೇಜಿನ ವಿಷಯ ಹೇಳಿಬಿಡುತ್ತೇನೆ. ಎರಡು ಹಳಿಗಳ ಒಳ ಅಂಚಿನ ನಡುವಿನ ಅಂತರವೇ ಗೇಜು. ಈಗ ನೀವು ಓಡಾಡುವ ಬ್ರಾಡ್ ಗೇಜಿನಲ್ಲಿ ಅದು 1676 ಮಿಲಿಮೀಟರ್, ಅಂದರೆ 5 ಅಡಿ 6 ಅಂಗುಲ. ಮೀಟರ್ ಗೇಜಿನಲ್ಲಿ ಹೆಸರೇ ಹೇಳುವಂತೆ 1000 ಮಿಲಿಮೀಟರ್. ಮೈಸೂರಿನಿಂದ ಕೃಷ್ಣರಾಜನಗರ, ಅಕ್ಕಿಹೆಬ್ಬಾಳು, ಮಂದಗೆರೆ, ಹೊಳೆನರಸೀಪುರ, ಮಾವಿನಕೆರೆ, ಹಾಸನ ದಾಟಿ ಅರಸೀಕೆರೆಗೆ ಹೋಗುವ ದಾರಿ ಮೈಸೂರು ಸಂಸ್ಥಾನದ ಕಾಲದ್ದು, ಪೂರ್ತಿ ಮೀಟರ್ ಗೇಜು. 1951ರಲ್ಲಿ ಮೈಸೂರು ಸಂಸ್ಥಾನದ ರೈಲು ದಕ್ಷಿಣ ರೈಲ್ವೆಗೆ ಸೇರಿತು. 1979ರಲ್ಲಿ ಹಾಸನದಿಂದ ಸಕಲೇಶಪುರದ ಘಟ್ಟ ಇಳಿದು ಮಂಗಳೂರಿಗೆ ಹೋಗುವ ದಾರಿ ತೆರೆದಾಗ ಅದೂ ಮೀಟರ್ ಗೇಜೇ. ತೊಂಬತ್ತರ ದಶಕದಲ್ಲಿ ಇವನ್ನೆಲ್ಲ ಕಿತ್ತು ಬ್ರಾಡ್ ಗೇಜ್ ಮಾಡಿದರು. ಘಟ್ಟದ ದಾರಿಯಲ್ಲಂತೂ 1996ರಲ್ಲಿ ನಿಂತ ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರಲ್ಲಿ. ಹೊಸ ಹಳಿ ಬಂದದ್ದು ಒಳ್ಳೆಯದೇ ಆಯಿತು. ವೇಗ ಹೆಚ್ಚಿತು. ಆದರೆ ಹಳೆಯ ಬೋಗಿಗಳು ಹೊಸ ಹಳಿಯ ಮೇಲೆ ನಿಲ್ಲಲಾರವು. ಹೆಚ್ಚಿನವು ಗುಜರಿಗೆ ಹೋದವು.

ಮೈಸೂರಿಗೆ ಮರಳಿದ ಮೇಲೆ ಮೊಮ್ಮಗಳು, "ತಾತ, ನಾವೇ ಒಂದು ಮಾಡೋಣ" ಎಂದಳು.

ಅಂಗಡಿಯಲ್ಲಿ ಸಿಗುವುದಿಲ್ಲವೇ ಎಂದು ಹಿರಿಯ ಓದುಗರು ಕೇಳಬಹುದು. ನಾವು ಹುಡುಕಿದ ಕಡೆ ಸಿಕ್ಕಿದ್ದು ವಿದೇಶದ ಮಾದರಿಗಳು. ನಮ್ಮ ಹಾಸನ ಪ್ಯಾಸೆಂಜರಿನ ಮರದ ಸೀಟಿನ ಬೋಗಿ ಎಲ್ಲೂ ಕಾಣಲಿಲ್ಲ. ಇದಕ್ಕೆ ಮಾದರಿ ರೈಲಿನ ಹವ್ಯಾಸಿಗಳು ಒಂದು ಉಪಾಯ ಕಂಡುಕೊಂಡಿದ್ದಾರೆ. ಸಿಕ್ಕುವ ಯಾವುದೋ ಬೋಗಿಯನ್ನು ಕುಯ್ದು, ಬೇಡದ್ದು ತೆಗೆದು, ಬೇಕಾದ್ದು ಸೇರಿಸಿ, ತಮಗೆ ಬೇಕಾದ ಬೋಗಿಯನ್ನಾಗಿ ಮಾಡುವುದು. ಇದಕ್ಕೆ ಕಿಟ್‌ಬ್ಯಾಶಿಂಗ್ ಎನ್ನುತ್ತಾರೆ. ನಮ್ಮ ಅಮ್ಮ ಅಪ್ಪನ ಹಳೇ ಪ್ಯಾಂಟು ಬಿಚ್ಚಿ ನನಗೆ ಚಡ್ಡಿ ಹೊಲಿಯುತ್ತಿದ್ದರಲ್ಲ, ಅದೇ ವಿದ್ಯೆ.

ನನ್ನ ಮಗ ಕೆಲಸದ ಮೇಲೆ ಜರ್ಮನಿಗೆ ಹೋಗಿದ್ದಾಗ ಹಳೆ ಸಾಮಾನಿನ ಸಂತೆಯಲ್ಲಿ ಐದು ಯೂರೋ ಕೊಟ್ಟು ಒಂದು ಆಟದ ಬೋಗಿ ತಂದಿದ್ದ. ಹಸಿರು ಬಣ್ಣ, ದೊಡ್ಡ ದೊಡ್ಡ ಗಾಜಿನ ಕಿಟಕಿ. ಅದರ ಪ್ರಮಾಣ 1:87. ನಿಜದ 87 ಮಿಲಿಮೀಟರ್ ಇಲ್ಲಿ 1 ಮಿಲಿಮೀಟರ್. ಮೊಮ್ಮಗಳು ಲೆಕ್ಕಕ್ಕೆ ಕೂತಳು. ಮೀಟರ್ ಗೇಜ್ ಬೋಗಿಯ ಉದ್ದ ಸುಮಾರು ಹತ್ತೊಂಬತ್ತೂವರೆ ಮೀಟರ್; 87ರಿಂದ ಭಾಗಿಸಿದರೆ 224 ಮಿಲಿಮೀಟರ್. ಜರ್ಮನಿಯದು 303 ಇತ್ತು. 79 ಮಿಲಿಮೀಟರ್ ಕತ್ತರಿಸಬೇಕು. ಅಗಲಕ್ಕೆ ಕತ್ತರಿ ಬೇಕಾಗಲೇ ಇಲ್ಲ. ನಮ್ಮದು 2.74 ಮೀಟರ್, ಅವರದು ಅದಕ್ಕಿಂತ ಚೂರೇ ಹೆಚ್ಚು. ಮಾದರಿಯಲ್ಲಿ ಒಂದು ಮಿಲಿಮೀಟರಿನ ವ್ಯತ್ಯಾಸ. ಇಲ್ಲದಿದ್ದರೆ ಉದ್ದಕ್ಕೂ ಸೀಳಬೇಕಾಗುತ್ತಿತ್ತು, ಅದು ನನ್ನ ಕೈಲಿ ಆಗುವ ಕೆಲಸವಲ್ಲ.

ಗೇಜನ್ನು ಕಣ್ಣಾರೆ ನೋಡಲೆಂದು ಅವಳನ್ನು ಮೈಸೂರಿನ ರೈಲು ಮ್ಯೂಸಿಯಂಗೆ ಕರೆದುಕೊಂಡು ಹೋದೆ. 1979ರಲ್ಲಿ ಶುರುವಾದದ್ದು, ಕೆ.ಆರ್.ಎಸ್. ರಸ್ತೆಯಲ್ಲಿದೆ. ಮಹಾರಾಣಿಯವರ ಸಲೂನ್ ಬೋಗಿ ಅಲ್ಲಿದೆ. ಎಲ್ಲರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರೆ ಇವಳು ನೆಲಕ್ಕೆ ಕೂತು ಹಳಿಗೆ ಟೇಪು ಹಿಡಿದಳು. ಸರಿಯಾಗಿ ಒಂದು ಮೀಟರ್.

ಕಿಟಕಿಯ ಅಳತೆ ಸಿಕ್ಕ ಬಗೆ ಸ್ವಾರಸ್ಯವಾಗಿದೆ. ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಣ್ಣನ ಒಂದು ಕಪ್ಪುಬಿಳುಪು ಫೋಟೋ ಇದೆ. ಅರಸೀಕೆರೆ ಪ್ಲಾಟ್‌ಫಾರಂನಲ್ಲಿ ಬೋಗಿಗೆ ಬೆನ್ನು ತಾಗಿಸಿ ನಿಂತಿದ್ದಾರೆ, ಕೈಯಲ್ಲಿ ಸುತ್ತಿಗೆ. ಫೋಟೋವನ್ನು ನೇರ ಎದುರಿನಿಂದ ತೆಗೆದಿದ್ದಾರೆ. ಅಣ್ಣನ ಎತ್ತರ 5 ಅಡಿ 6 ಅಂಗುಲ. ಅದನ್ನು ಹೇಳಿದ ತಕ್ಷಣ ಮೊಮ್ಮಗಳು ಕುಣಿದಳು: "ಬ್ರಾಡ್ ಗೇಜ್! ದೊಡ್ಡತಾತ ಸರಿಯಾಗಿ ಬ್ರಾಡ್ ಗೇಜ್!" ಅದು ನನಗೆ ಹೊಳೆದೇ ಇರಲಿಲ್ಲ ನೋಡಿ. 1676 ಮಿಲಿಮೀಟರ್ ಎತ್ತರದ ಮನುಷ್ಯ ಫೋಟೋದಲ್ಲಿ 42 ಮಿಲಿಮೀಟರ್ ಇದ್ದರು. ಅಂದರೆ ಫೋಟೋದ ಒಂದು ಮಿಲಿಮೀಟರಿಗೆ ನಿಜದಲ್ಲಿ ಸುಮಾರು 40. ಪಕ್ಕದ ಕಿಟಕಿ 15 ಮಿಲಿಮೀಟರ್ ಅಗಲ; ನಿಜದಲ್ಲಿ 600. ಅದನ್ನು 87ರಿಂದ ಭಾಗಿಸಿದರೆ ಮಾದರಿಯಲ್ಲಿ ಸುಮಾರು 7. ನಿಮ್ಮ ಮನೆಯಲ್ಲೂ ಹಳೆಯ ಫೋಟೋ ಇದ್ದರೆ ಈ ಲೆಕ್ಕ ಮಾಡಿ ನೋಡಿ. ಅಜ್ಜಿ ನಿಂತ ಬಾಗಿಲು ಎಷ್ಟು ಎತ್ತರ, ಅಜ್ಜ ಹಿಡಿದ ಸೈಕಲ್ ಎಷ್ಟು ಉದ್ದ, ಎಲ್ಲವೂ ತಿಳಿಯುತ್ತದೆ. ಆದರೆ ಮನುಷ್ಯ ಆ ವಸ್ತುವಿನ ಪಕ್ಕಕ್ಕೇ ನಿಂತಿರಬೇಕು. ಮುಂದೆ ಬಂದು ನಿಂತಿದ್ದರೆ ಅವನು ದೊಡ್ಡದಾಗಿ ಕಂಡು ಲೆಕ್ಕ ಕೆಡುತ್ತದೆ.

ಜರ್ಮನಿಯ ಬೋಗಿಯ ಕಿಟಕಿ 14 ಮಿಲಿಮೀಟರ್ ಇತ್ತು. ನಡುವೆ ಒಂದು ಮಿಲಿಮೀಟರಿನ ಪ್ಲಾಸ್ಟಿಕ್ ಪಟ್ಟಿ ನಿಲ್ಲಿಸಿದರೆ ಆ ಕಡೆ ಆರೂವರೆ, ಈ ಕಡೆ ಆರೂವರೆ. ಒಂದು ಜರ್ಮನ್ ಕಿಟಕಿಗೆ ಎರಡು ಹಾಸನದ ಕಿಟಕಿ! ಪಟ್ಟಿಗಳು ಸಿಕ್ಕಿದ್ದು ಐಸ್‌ಕ್ರೀಮ್ ಡಬ್ಬದ ಮುಚ್ಚಳದಲ್ಲಿ. ಬೋಗಿಯನ್ನು ಗರಗಸದ ಸಣ್ಣ ಬ್ಲೇಡಿನಿಂದ ಕುಯ್ದದ್ದು ನಾನು. ಕುಯ್ಯುವ ಗೆರೆ ಕಿಟಕಿಯ ಮೇಲೆ ಬರದೆ ಎರಡು ಕಿಟಕಿಗಳ ನಡುವಿನ ಗೋಡೆಯ ಮೇಲೇ ಬರಬೇಕು. ಇಲ್ಲವಾದರೆ ಅಂಟಿಸಿದ ಮೇಲೆ ಒಂದು ಕಿಟಕಿ ಸೊಟ್ಟಗಾಗಿ ನಿಲ್ಲುತ್ತದೆ. ಎರಡು ಕಡೆಯಿಂದ ತುಂಡು ತೆಗೆದು, ಅಂಚನ್ನು ಗಾಜಿನ ಮೇಲೆ ಹಾಸಿದ ಮರಳು ಕಾಗದಕ್ಕೆ ಉಜ್ಜಿ, ಅಂಟು ಹಾಕಿ, ದಾರ ಸುತ್ತಿ ರಾತ್ರಿಯಿಡೀ ಬಿಟ್ಟೆವು.

ಇನ್ನು ಗಾಲಿ. ನಾವೆಲ್ಲ ಬೋಗಿ ಎನ್ನುವುದು ಇಡೀ ಡಬ್ಬಿಗೆ. ರೈಲ್ವೆಯವರಿಗೆ ಬೋಗಿ ಎಂದರೆ ಡಬ್ಬಿಯ ಕೆಳಗೆ ಗಾಲಿ ಕೂಡಿಸಿದ ಚೌಕಟ್ಟು ಮಾತ್ರ. ಈ ವಿಷಯದಲ್ಲಿ ಅಣ್ಣ ನನ್ನನ್ನು ಐವತ್ತು ವರ್ಷದಿಂದ ತಿದ್ದುತ್ತಿದ್ದಾರೆ, ನಾನು ತಿದ್ದಿಕೊಂಡಿಲ್ಲ, ಈ ಲೇಖನದಲ್ಲೂ ತಿದ್ದಿಕೊಳ್ಳುವುದಿಲ್ಲ. ಜರ್ಮನಿಯ ಗಾಲಿಗಳು ಅಗಲದ ಹಳಿಯವು. 1000ವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ. ಹವ್ಯಾಸಿಗಳು ಅದಕ್ಕೆ 12 ಮಿಲಿಮೀಟರಿನ ಹಳಿ ಬಳಸುತ್ತಾರೆ. ಸ್ವಿಟ್ಜರ್ಲೆಂಡಿನ ಬೆಟ್ಟದ ರೈಲುಗಳಲ್ಲಿ ಹಲವು ಇಂದಿಗೂ ಮೀಟರ್ ಗೇಜಿನವೇ ಆದ್ದರಿಂದ ಈ ಅಳತೆಯ ಗಾಲಿಗಳು ಹೊರದೇಶದಲ್ಲಿ ಸಿಗುತ್ತವೆ. ಮಗನೇ ತರಿಸಿಕೊಟ್ಟ. ಯೂರೋಪಿನ ಬೋಗಿಗೆ ತುದಿಯಲ್ಲಿ ಎಡಕ್ಕೊಂದು ಬಲಕ್ಕೊಂದು ಎರಡು ಬಫರ್. ನಮ್ಮ ಮೀಟರ್ ಗೇಜಿಗೆ ನಡುವೆ ಒಂದೇ. ಎರಡನ್ನೂ ಉಜ್ಜಿ ತೆಗೆದು, ನನ್ನ ಮನೆಯವರ ಹೊಲಿಗೆ ಡಬ್ಬಿಯಿಂದ ರವಿಕೆಯ ಪ್ರೆಸ್ ಬಟನ್ನಿನ ಅರ್ಧ ಭಾಗ ತಂದು ನಡುವೆ ಕೂಡಿಸಿದೆ. ಬಾಗಿಲ ಕೆಳಗಿನ ಫುಟ್‌ಬೋರ್ಡಿಗೆ ತೆಂಗಿನ ಕಡ್ಡಿ. ಒಳಗಿನ ಮರದ ಸೀಟಿಗೆ ಬೆಂಕಿಕಡ್ಡಿ ಸೀಳಿ ಜೋಡಿಸಿದ್ದು ಮೊಮ್ಮಗಳು. ಅಷ್ಟು ಸಣ್ಣ ಕೆಲಸಕ್ಕೆ ನನ್ನ ಬೆರಳು ಈಗ ನಡುಗುತ್ತದೆ.

ಮಾದರಿ ಬೋಗಿ ಹಗುರವಾದರೆ ಹಳಿ ತಪ್ಪುತ್ತದೆ. ತೂಕಕ್ಕೆ ಏನು ಹಾಕುವುದು? 2011ರ ಜೂನ್ 30ರಿಂದ 25 ಪೈಸೆ ನಾಣ್ಯ ಚಲಾವಣೆಯಲ್ಲಿಲ್ಲ. ನನ್ನ ಬಳಿ ಒಂದು ಡಬ್ಬಿ ಉಳಿದಿತ್ತು. ನೆಲದ ಕೆಳಗೆ ಇಪ್ಪತ್ತು ನಾಣ್ಯ ಅಂಟಿಸಿದೆವು. ಬೋಗಿಯ ಹೊಟ್ಟೆಯಲ್ಲಿ ಐದು ರೂಪಾಯಿ ಡಿಪಾಜಿಟ್ ಇದೆ, ಬಡ್ಡಿ ಇಲ್ಲ.

ನಾವು ಹೆಚ್ಚು ಚರ್ಚೆ ಮಾಡಿದ್ದು ಕಿಟಕಿಯ ಕಂಬಿಯ ಬಗ್ಗೆ. ಅಂಗಡಿಯ ಮಾದರಿಗಳಲ್ಲಿ ಕಂಬಿಗಳನ್ನು ಗಾಜಿನ ಮೇಲೆ ಬಣ್ಣದಲ್ಲಿ ಗೆರೆ ಎಳೆದು ತೋರಿಸಿರುತ್ತಾರೆ. ಕಣ್ಣಿಗೆ ಅದು ಕಂಬಿ. ಬೆರಳಿಗೆ ಬರೀ ನುಣುಪು. ನಾವು ಮಾಡುತ್ತಿದ್ದದ್ದು ಬೆರಳಿಗಾಗಿ. ಆದ್ದರಿಂದ ಒಂದೊಂದು ಕಿಟಕಿಗೂ ಫ್ಯೂಸ್ ವೈರಿನ ತುಂಡುಗಳನ್ನು ಅಡ್ಡಡ್ಡಲಾಗಿ ನಿಜವಾಗಿ ಕೂಡಿಸಬೇಕು. ಆದರೆ ಅಳತೆಗೆ ಸರಿಯಾಗಿ ಹೋದರೆ ಕಂಬಿ ಕೂದಲಿನಷ್ಟು ತೆಳ್ಳಗಾಗಿ ಕೈಗೇ ಸಿಗುವುದಿಲ್ಲ. "ಲೆಕ್ಕದ ಪ್ರಕಾರ ಇದು ದಪ್ಪ ಆಯ್ತು ತಾತ," ಎಂದು ಅವಳು ತಕರಾರು ಮಾಡಿದಳು. ದೊಡ್ಡತಾತನಿಗೆ ಕಾಣಬೇಕಾದರೆ ಇಷ್ಟು ದಪ್ಪವೇ ಬೇಕು ಎಂದೆ. ಅವಳು ಕಣ್ಣು ಮುಚ್ಚಿ ಎರಡನ್ನೂ ಸವರಿ ನೋಡಿ, ದಪ್ಪದ್ದನ್ನೇ ಆರಿಸಿದಳು. ಬಣ್ಣ ಮಾತ್ರ ಕಣ್ಣಿದ್ದವರಿಗಾಗಿ. ಮನೆಯ ಗೇಟಿಗೆ ಬಳಿಯುವ ರೆಡ್ ಆಕ್ಸೈಡ್ ಹಳೆಯ ಬೋಗಿಯ ಇಟ್ಟಿಗೆ ಕೆಂಪಿಗೆ ಬಹಳ ಹತ್ತಿರ.

ತುದಿಯ ಗೋಡೆಯೊಂದನ್ನು ನಾನು ಬೇಕೆಂದೇ ಖಾಲಿ ಬಿಟ್ಟೆ. ಅಲ್ಲಿ ಏನು ಬರೆಯಬೇಕೆಂದು ಅಣ್ಣನಿಗೆ ಗೊತ್ತು.

ಜನವರಿ 18ರ ಭಾನುವಾರ ದೊಡ್ಡಗದ್ದವಳ್ಳಿಗೆ ಹೋದೆವು. ಹಿಂದಿನ ದಿನವೇ ಮೈಸೂರಿನಿಂದ ರೈಲಿನಲ್ಲಿ ಹಾಸನಕ್ಕೆ ಬಂದು ತಂಗಿದ್ದೆವು. ಸೊಗಡಿನ ಅವರೆಕಾಯಿಯ ಕಾಲ; ಹಾಸನದ ಮಾರುಕಟ್ಟೆಯ ತುಂಬ ಅದೇ ವಾಸನೆ. ಅತ್ತಿಗೆಗೆ ಎರಡು ಕಿಲೋ ಕೊಂಡೆ.

ಬೆಳಗಿನ ಬಿಸಿಲಲ್ಲಿ ಮೊದಲು ಗುಡಿಗೆ ಹೋದೆವು. ಗೋಪುರ ಎಣಿಸು ಎಂದೆ. ಅವಳು ಸುತ್ತು ಹಾಕಿ ಬಂದು ಒಂಬತ್ತು ಎಂದಳು. ಹೌದು, ಒಂಬತ್ತೇ. ನಡುವಿನ ಗುಡಿಗೆ ನಾಲ್ಕು ಗರ್ಭಗುಡಿ, ಅದಕ್ಕೆ ನಾಲ್ಕು ಗೋಪುರ. ಅಂಗಳದ ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಗುಡಿ. ಬೇರೆಯಾಗಿ ನಿಂತ ಭೈರವನ ಗುಡಿಯದು ಇನ್ನೊಂದು. ನಾಲ್ಕು ಗರ್ಭಗುಡಿಯ ಹೊಯ್ಸಳ ದೇವಸ್ಥಾನಗಳು ಅಪರೂಪ. ದೊಡ್ಡ ಗೋಪುರಗಳಲ್ಲಿ ಮೂರು ಕೆತ್ತನೆಯಿಲ್ಲದೆ ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿವೆ, ಒಂದಕ್ಕೆ ಮಾತ್ರ ಮೈತುಂಬ ಕೆಲಸ. ನನಗೆ ಇಷ್ಟವಾಗುವುದು ಆ ಸಾದಾ ಮೂರು. ಒಳಗೆ ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬು ಲೆಕ್ಕ ಹಾಕಬಹುದಾದ ಎರಡು ಬೇತಾಳಗಳು ನಿಂತಿವೆ, ಆಳೆತ್ತರ. ಮೊಮ್ಮಗಳು ಹೆದರಲಿಲ್ಲ, ಪಕ್ಕೆಲುಬು ಎಣಿಸಿದಳು. 2020ರ ನವೆಂಬರಿನಲ್ಲಿ ಈ ಕಾಳಿಯ ವಿಗ್ರಹ ಒಡೆದುಬಿದ್ದಿತ್ತು. ಪುರಾತತ್ವ ಇಲಾಖೆಯವರು ತುಂಡುಗಳನ್ನು ಜೋಡಿಸಿ ಮತ್ತೆ ನಿಲ್ಲಿಸಿದ್ದಾರೆ.

ಹೊರಗೋಡೆಯ ಬಳಿ ಅವಳು ನಿಂತುಬಿಟ್ಟಳು. ಗೋಡೆಯ ಮೇಲೆ ಕೆತ್ತಿದ ಕಂಬಗಳ ನೆತ್ತಿಯಲ್ಲಿ ಪುಟ್ಟ ಪುಟ್ಟ ಶಿಖರಗಳಿವೆ. ಗುಡಿಯ ಮೈಮೇಲೆ ಗೇಣುದ್ದದ ಗುಡಿಗಳು! "ಇವರೂ ಮಾಡೆಲ್ ಮಾಡ್ತಿದ್ರಾ ತಾತ?" ಎಂದಳು. ಮಾಡುತ್ತಿದ್ದರಮ್ಮ, ಬಳಪದ ಕಲ್ಲಿನಲ್ಲಿ, ಉಗುರಿನಷ್ಟು ಅಂಚನ್ನೂ ಬಿಡದೆ. ಈ ಗುಡಿಯ ಶಿಲ್ಪಿಯ ಹೆಸರೂ ಉಳಿದಿದೆ: ಮಲ್ಲೋಜ ಮಾಣಿಯೋಜ. 1919ರಲ್ಲಿ ಆರ್. ನರಸಿಂಹಾಚಾರ್ಯರು ಈ ಒಂದು ಗುಡಿಯ ಮೇಲೆಯೇ ಪುಸ್ತಕ ಬರೆದು ಮೈಸೂರು ಪುರಾತತ್ವ ಇಲಾಖೆಯಿಂದ ಪ್ರಕಟಿಸಿದರು. ಅಳತೆಪಟ್ಟಿ ಹಿಡಿದು ಈ ಅಂಗಳದಲ್ಲಿ ಕೂತವರಲ್ಲಿ ನಾವೇ ಮೊದಲಿಗರಲ್ಲ.

ಅಣ್ಣ ಜಗಲಿಯ ಮೇಲೆ ಬಿಸಿಲಿಗೆ ಕೂತಿದ್ದರು. ಏನು ಎತ್ತ ಎಂದು ಹೇಳದೆ ಮೊಮ್ಮಗಳು ಬೋಗಿಯನ್ನು ಅವರ ಎರಡೂ ಅಂಗೈಯ ಮೇಲಿಟ್ಟಳು.

ಮೊದಲು ಅವರು ತೂಕ ನೋಡಿದರು. ಆಮೇಲೆ ಹೆಬ್ಬೆರಳು ತುದಿಗೆ ಹೋಯಿತು, ಪ್ರೆಸ್ ಬಟನ್ನಿನ ಮೇಲೆ ನಿಂತಿತು. "ನಡೂ ಬಫರು," ಎಂದರು. ಧ್ವನಿ ಬದಲಾಗಿತ್ತು. ಬೆರಳು ಕೆಳಗಿಳಿದು ತೆಂಗಿನ ಕಡ್ಡಿಗೆ ತಾಗಿತು: "ಫುಟ್‌ಬೋರ್ಡು." ಕಿಟಕಿಗಳ ಮೇಲೆ ತೋರುಬೆರಳು ನಿಧಾನವಾಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ, ಕರ್ ಕರ್ ಕರ್ ಎಂದು ಕಂಬಿಗಳನ್ನು ಮೀಟುತ್ತಾ ಹೋಯಿತು. ಮತ್ತೆ ವಾಪಸ್ಸು ಬಂತು. ಅತ್ತಿಗೆ ಬಾಗಿಲಲ್ಲಿ ನಿಂತವರು ಒಳಗೆ ಹೋಗಿಬಿಟ್ಟರು. ಕೊನೆಗೆ ಬೋಗಿಯನ್ನು ಮಗುಚಿ, ಒಂದೊಂದು ಗಾಲಿಗೂ ಉಗುರಿನಿಂದ ಟಿಣ್ ಎಂದು ಹೊಡೆದು, ಕಿವಿಯ ಹತ್ತಿರ ಹಿಡಿದು ಕೇಳಿದರು. ಎಂಟು ಗಾಲಿ. ಎಂಟೂ ಮುಗಿಯುವವರೆಗೆ ಯಾರೂ ಮಾತಾಡಲಿಲ್ಲ.

"ಫಿಟ್," ಎಂದರು.

ಆಮೇಲೆ ಮೊಮ್ಮಗಳ ಕೈ ಹಿಡಿದು ಅವಳ ಬೆರಳನ್ನೇ ಬೋಗಿಯ ಮೇಲೆ ಓಡಿಸುತ್ತಾ ಪಾಠ ಶುರುವಾಯಿತು. ಇಲ್ಲಿ ಸರಪಳಿ, ಇಲ್ಲಿ ನೀರಿನ ಟ್ಯಾಂಕು, ಈ ಮೂಲೆಯ ಸೀಟಿಗೆ ಹೊಗೆ ಜಾಸ್ತಿ ಬರುತ್ತಿತ್ತು, ಕಣ್ಣಿಗೆ ಕಲ್ಲಿದ್ದಲ ಪುಡಿ. ಅತ್ತಿಗೆ ಬಿಸಿ ಅಕ್ಕಿರೊಟ್ಟಿ, ಅವರೆಕಾಳು ಸಾರು ತಂದಿಟ್ಟು ಎರಡು ಸಲ ಕರೆದರೂ ಇಬ್ಬರೂ ಏಳಲಿಲ್ಲ.

ಅಷ್ಟರಲ್ಲಿ ಅವರ ಬೆರಳು ತುದಿಯ ಗೋಡೆಗೆ ಬಂತು. "ಇಲ್ಲಿ ಏನು ಬರೆದಿದೀರಿ?"

ಖಾಲಿ ಇದೆ ಎಂದೆ.

"ಪಿ.ಒ.ಎಚ್. ತಾರೀಕಿಲ್ಲದೆ ಗಾಡಿ ಹೊರಡೋ ಹಾಗಿಲ್ಲ," ಎಂದರು. ಕಾರ್ಖಾನೆಗೆ ಹೋಗಿ, ಪೂರ್ತಿ ಬಿಚ್ಚಿ, ರಿಪೇರಿಯಾಗಿ ಬಂದ ತಾರೀಕು ಅದು. ಯಾವ ಕಾರ್ಖಾನೆ, ಮುಂದೆ ಯಾವಾಗ ವಾಪಸ್ಸು ಬರಬೇಕು, ಎರಡನ್ನೂ ಬೋಗಿಯ ತುದಿಯಲ್ಲಿ ಬರೆದಿರುತ್ತಾರೆ. ಈಗಿನ ರೈಲಿನಲ್ಲೂ ನೀವು ನೋಡಬಹುದು. ಮೊಮ್ಮಗಳು ಸಣ್ಣ ಮೊನೆಯ ಪೆನ್ನು ತೆಗೆದಳು. ಅಣ್ಣ ಹೇಳುತ್ತಾ ಹೋದರು, ಅವಳು ಬರೆಯುತ್ತಾ ಹೋದಳು. ಕಾರ್ಖಾನೆ: ದೊ.ಗ. ತಾರೀಕು: ಅಂದಿನದು. "ರಿಟರ್ನ್ ತಾರೀಕು, ಹನ್ನೆರಡು ತಿಂಗಳು ಸೇರಿಸು."

"ದೊಡ್ಡತಾತ, ಬೋಗಿ ನಿಮಗೇ ಅಂತ ತಂದಿದ್ದು. ಇಲ್ಲೇ ಇರುತ್ತಲ್ಲ, ರಿಟರ್ನ್ ಯಾಕೆ?"

"ಇಲ್ಲೇ ಸೈಡಿಂಗಿನಲ್ಲಿ ನಿಂತು ಧೂಳು ತಿನ್ನೋಕಾ? ಬೇಡ. ನೀನು ತಗೊಂಡು ಹೋಗಿ ಓಡಿಸು. ತಾರೀಕು ದಾಟೋದರೊಳಗೆ ಇಲ್ಲಿಗೆ ತರಬೇಕು, ನಾನು ಗಾಲಿ ನೋಡಬೇಕು."

ಅವಳು ಫೋನಿನಲ್ಲಿ ಮುಂದಿನ ಜನವರಿಯ ಕ್ಯಾಲೆಂಡರ್ ತೆಗೆದು ನೋಡಿದಳು. 18 ಸೋಮವಾರ. ಶಾಲೆ ಇರುತ್ತದೆ. "ಭಾನುವಾರವೇ ತಂದರೆ ನಡೆಯುತ್ತಾ?"

"ಒಂದು ದಿನ ಮುಂಚೆ ಬರಬಹುದು," ಎಂದರು ಅಣ್ಣ, ರೊಟ್ಟಿಯ ತಟ್ಟೆಗಾಗಿ ಕೈ ಚಾಚುತ್ತಾ. "ಒಂದು ದಿನ ತಡ ಆಗಬಾರದು."